ದೋಣಿಯ ಮೇಲಿನ ಬಿಸಿಲು: ಗೋವಾದ ನೀರಿಗಿಳಿಯುವ ಹವ್ಯಾಸಿಗಳಿಗೆ ಚರ್ಮರಕ್ಷಣೆಯ ಸಮಗ್ರ ಮಾರ್ಗದರ್ಶಿ

ಕಳೆದ ಹಂಗಾಮಿನ ಕೊನೆಗೆ, ಮೇ ತಿಂಗಳ ಒಂದು ಭಾನುವಾರ ದೋನಾ ಪಾವ್ಲಾ ಕೊಲ್ಲಿಯಿಂದ ಮರಳಿ ದೋಣಿಯನ್ನು ದಂಡೆಗೆ ಎಳೆಯುತ್ತಿದ್ದಾಗ, ನಮ್ಮ ಗುಂಪಿನ ಹಿರಿಯರ ಕೆಳದುಟಿಯ ಮೇಲೆ ಹುರುಳಿಕಾಳಿನಷ್ಟು ಅಗಲದ ಒಂದು ಹಕ್ಕಳೆ ಕಂಡಿತು. ಅವರು ಧಾರವಾಡದ ಕಡೆಯವರು, ವಾಸ್ಕೋದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ನಮಗೆಲ್ಲ ಕಾಕಾ. "ಸುಣ್ಣ ಹತ್ತಿರಬೇಕು ತಮ್ಮಾ, ಎಲಿ-ಅಡಿಕಿ ತಿಂತೀನಲ್ಲ" ಎಂದರು. ಎಷ್ಟು ದಿನವಾಯಿತೆಂದು ಕೇಳಿದಾಗ "ದೀಪಾವಳಿಗೆ ಬಂದದ್ದು, ಉದುರ್ತದ, ಮತ್ತ ಬರ್ತದ" ಎಂದು ಉತ್ತರ ಬಂತು. ಆರು ತಿಂಗಳು ಮಾಯದ ಹುಣ್ಣು ಎಂದ ಮೇಲೆ ಅವರನ್ನು ಒಪ್ಪಿಸಿ ಚರ್ಮರೋಗ ತಜ್ಞರ ಬಳಿ ಕರೆದೊಯ್ದೆವು. ಬಯಾಪ್ಸಿಯಲ್ಲಿ ಅದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಚರ್ಮದ ಮೇಲ್ಪದರದ ಕ್ಯಾನ್ಸರ್, ಆರಂಭದ ಹಂತದಲ್ಲಿದೆ ಎಂದು ತಿಳಿಯಿತು. ಕೆಳದುಟಿಗೆ ತಂಬಾಕೂ ಶತ್ರು, ಬಿಸಿಲೂ ಶತ್ರು. ಕಾಕಾ ಅವರಿಗೆ ಎರಡರ ಸಹವಾಸವೂ ಹಲವು ದಶಕಗಳದ್ದು.

ಅಂದಿನಿಂದ ನಮ್ಮ ಗುಂಪಿನಲ್ಲಿ ನೀರಿಗಿಳಿಯುವ ಮುನ್ನ ಅನುಸರಿಸುವ ಕ್ರಮವೇ ಬದಲಾಯಿತು. ಆ ಕ್ರಮವನ್ನು, ಅದರ ಹಿಂದಿನ ಕಾರಣಗಳೊಂದಿಗೆ, ಇಲ್ಲಿ ಬರೆದಿದ್ದೇನೆ. ಮಾಂಡವಿಯಲ್ಲಿ ಹಾಯಿದೋಣಿ ನಡೆಸುವವರಿಗೆ, ಸಾಳ್ ನದಿಯ ಹಿನ್ನೀರಿನಲ್ಲಿ ಕಯಾಕ್ ಹುಟ್ಟು ಹಾಕುವವರಿಗೆ, ರಜೆಗೆ ಹುಬ್ಬಳ್ಳಿ-ಬೆಳಗಾವಿಯಿಂದ ಬಂದು ಗ್ರಾಂದೆ ದ್ವೀಪದ ಕಡೆಗೆ ದಿನವಿಡೀ ದೋಣಿಯಲ್ಲಿ ಹೋಗುವವರಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲು ಅಪಾಯದ ಅಳತೆ

ನಮ್ಮ ಬಣ್ಣದ ಚರ್ಮಕ್ಕೆ ಬಿಸಿಲು ಏನೂ ಮಾಡದು ಎಂಬ ಮಾತೂ ತಪ್ಪು, ಬಿಸಿಲಿಗೆ ಬಿದ್ದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂಬ ಮಾತೂ ತಪ್ಪು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಜೀವಕೋಶದ ಡಿಎನ್‌ಎಯನ್ನು ಒಂದು ಮಟ್ಟಿಗೆ ಕಾಯುತ್ತದೆ. ಸನ್‌ಸ್ಕ್ರೀನ್ ಲೇಪದ ರಕ್ಷಣೆಯನ್ನು ಎಸ್‌ಪಿಎಫ್ ಎಂಬ ಅಂಕಿಯಿಂದ ಅಳೆಯುತ್ತಾರೆ; ತೀರ ಕಪ್ಪು ಚರ್ಮದ ಈ ಸಹಜ ರಕ್ಷಣೆಯನ್ನು ಸುಮಾರು ಎಸ್‌ಪಿಎಫ್ 13ಕ್ಕೆ ಸಮ ಎಂದು ಅಂದಾಜಿಸಿದ್ದಾರೆ. ಗೋಧಿಬಣ್ಣದ ಚರ್ಮದಲ್ಲಿ ಅದು ಇನ್ನೂ ಕಡಿಮೆ. ಆದ್ದರಿಂದಲೇ ಬಿಳಿಯರ ನಾಡುಗಳಿಗೆ ಹೋಲಿಸಿದರೆ ಭಾರತದಲ್ಲಿ ಚರ್ಮದ ಕ್ಯಾನ್ಸರ್ ಬಹಳ ವಿರಳ. ಆದರೆ ಇರುವ ಕೆಲವರಲ್ಲಿ ಅದು ತಡವಾಗಿ ಪತ್ತೆಯಾಗುತ್ತದೆ, ಏಕೆಂದರೆ ರೋಗಿಗಾಗಲಿ ಮನೆಯವರಿಗಾಗಲಿ ಆ ಅನುಮಾನವೇ ಬರುವುದಿಲ್ಲ.

ಬಿಸಿಲಿಗೆ ಸಂಬಂಧವಿಲ್ಲದ ಕಾರಣಗಳೂ ನಮ್ಮಲ್ಲಿವೆ. ಹಳೆಯ ಸುಟ್ಟ ಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಒಣಗದ ಹುಣ್ಣಿನಲ್ಲಿ, ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ಮುಂಬೈಯ ರೋಗವಿಜ್ಞಾನಿ ಡಾ. ವಿ. ಆರ್. ಖಾನೋಲ್ಕರ್ ಅವರು 1940ರ ದಶಕದಲ್ಲಿಯೇ ಧೋತರದ ಬಿಗಿ ಗಂಟು ಸೊಂಟದ ಮೇಲೆ ವರ್ಷಾನುಗಟ್ಟಲೆ ಉಜ್ಜಿ ಉಂಟಾಗುವ ಕ್ಯಾನ್ಸರನ್ನು ವರ್ಣಿಸಿದ್ದರು. ಇನ್ನು ಮೆಲನೋಮಾ ಎಂಬ ಅತ್ಯಂತ ಅಪಾಯದ ಬಗೆ ಕಪ್ಪು ಚರ್ಮದವರಲ್ಲಿ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಬರುತ್ತದೆ; ಇದಕ್ಕೂ ಬಿಸಿಲು ಮುಖ್ಯ ಕಾರಣವಲ್ಲ. ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲಿನ ಹೆಬ್ಬೆರಳಿನ ಉಗುರಿನಡಿ ಕಾಣಿಸಿಕೊಂಡ ಇಂಥ ಮೆಲನೋಮಾದಿಂದ. ಹೀಗಾಗಿ ಈ ಮಾರ್ಗದರ್ಶಿಯಲ್ಲಿ ಎರಡು ಕೆಲಸಗಳಿವೆ: ಬಿಸಿಲನ್ನು ತಡೆಯುವುದು ಒಂದು, ಬಿಸಿಲು ತಾಗದ ಜಾಗಗಳನ್ನೂ ಸೇರಿಸಿ ಚರ್ಮವನ್ನು ನೋಡಿಕೊಳ್ಳುವುದು ಇನ್ನೊಂದು. ಸನ್‌ಸ್ಕ್ರೀನ್ ಹಚ್ಚಿಕೊಂಡೆ, ಕೆಲಸ ಮುಗಿಯಿತು ಎಂದುಕೊಳ್ಳುವವರು ಎರಡನೆಯದನ್ನು ಮರೆಯುತ್ತಾರೆ.

ಕೆಲವರು ಮಾತ್ರ ವಿಶೇಷ ಎಚ್ಚರ ವಹಿಸಲೇಬೇಕು. ಹುಟ್ಟಿನಿಂದಲೇ ಮೆಲನಿನ್ ಇಲ್ಲದವರು, ಮೂತ್ರಪಿಂಡದ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು, ಹಿಂದೆ ಚರ್ಮದ ಕ್ಯಾನ್ಸರ್ ಆದವರು ವೈದ್ಯರನ್ನು ಕೇಳದೆ ನಡುಹಗಲಲ್ಲಿ ನೀರಿಗಿಳಿಯಬಾರದು. ತೊನ್ನಿನ ಬಿಳಿ ಮಚ್ಚೆಗಳು ಬಲುಬೇಗ ಸುಡುವುದರಿಂದ ಅವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ನಿತ್ಯದ ಔಷಧಗಳನ್ನೂ ಒಮ್ಮೆ ನೋಡಿಕೊಳ್ಳಿ: ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಮೊಡವೆಗೆ ಕೊಡುವ ರೆಟಿನಾಯ್ಡ್‌ಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಹಂತ 1: ಹೊತ್ತನ್ನು ಗಡಿಯಾರದಿಂದಲ್ಲ, ನೆರಳಿನಿಂದ ಅಳೆಯಿರಿ

ನಮ್ಮ ದೇಶದ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಕೊಂಡಿದೆ. ಪಣಜಿ ಇರುವುದು 74 ಡಿಗ್ರಿಯ ಸಮೀಪ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ಸುಮಾರು 35 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಋತುವಿಗೆ ತಕ್ಕ ವ್ಯತ್ಯಾಸವನ್ನೂ ಸೇರಿಸಿದರೆ ಗೋವಾದ ನಿಜವಾದ ನಡುಹಗಲು ನವೆಂಬರ್ ಮೊದಲಲ್ಲಿ 12:20ರ ಹತ್ತಿರ, ಫೆಬ್ರವರಿ ನಡುವಿನಲ್ಲಿ 12:50ರ ಹತ್ತಿರ ಬೀಳುತ್ತದೆ. ಬೆಳಗಿನ ಎಂಟು ಗಂಟೆ ನಿಮಗೆ ಅಂದುಕೊಂಡದ್ದಕ್ಕಿಂತ ಸೌಮ್ಯವಾಗಿರುತ್ತದೆ, ಮಧ್ಯಾಹ್ನದ ಎರಡೂವರೆ ಅಂದುಕೊಂಡದ್ದಕ್ಕಿಂತ ಕಟುವಾಗಿರುತ್ತದೆ. "ಎರಡಾಯಿತು, ಬಿಸಿಲು ಇಳಿಯಿತು" ಎಂದು ಊಟ ಮುಗಿಸಿ ಹೊರಡುವವರು ಎಡವುವುದು ಇಲ್ಲಿಯೇ.

ನೆರಳಿನ ಲೆಕ್ಕ ಇದಕ್ಕಿಂತ ಸುಲಭ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ ಎಂದರ್ಥ, ಅಂದರೆ ಕಿರಣಗಳು ಪ್ರಬಲವಾಗಿವೆ. ಗೋವಾದಲ್ಲಿ ಡಿಸೆಂಬರ್ ಕೊನೆಯ ನಡುಹಗಲಲ್ಲೂ ಸೂರ್ಯ 51 ಡಿಗ್ರಿಯಷ್ಟು ಮೇಲಿರುತ್ತಾನೆ. ಚಳಿಗಾಲ ಎಂಬ ಕಾರಣಕ್ಕೆ ಇಲ್ಲಿ ರಿಯಾಯಿತಿ ಇಲ್ಲ. ಮೇ ಮೊದಲ ವಾರದಲ್ಲಿ ಅವನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆರಳು ಪಾದದಡಿ ಅಡಗುತ್ತದೆ. ದೋಣಿಯಲ್ಲಿ ನಿಂತು ಅಳೆಯಲಾಗದಿದ್ದರೆ ಹುಟ್ಟನ್ನು ದಂಡೆಯಲ್ಲೇ ಒಮ್ಮೆ ನೆಟ್ಟಗೆ ಹಿಡಿದು ಅದರ ನೆರಳು ನೋಡಿದರೂ ಸಾಕು.

ಮೊಬೈಲಿನ ಹವಾಮಾನ ವಿವರದಲ್ಲಿ ಯುವಿ, ಅಂದರೆ ನೇರಳಾತೀತ ಕಿರಣದ, ಸೂಚ್ಯಂಕವೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ 3ರಿಂದ ಮೇಲೆ ರಕ್ಷಣೆ ಬೇಕು, 8ರಿಂದ 10 ಅತಿ ಹೆಚ್ಚು, 11 ಮತ್ತು ಮೇಲೆ ವಿಪರೀತ. ತಾಪಮಾನವನ್ನು ನೋಡಿ ಯುವಿಯನ್ನು ಊಹಿಸಬೇಡಿ. ಸೆಖೆ ಕೊಡುವುದು ಬೇರೆಯ ಕಿರಣ. ಚರ್ಮವನ್ನು ಕೆಡಿಸುವ ನೇರಳಾತೀತ ಕಿರಣ ಕಣ್ಣಿಗೂ ಕಾಣದು, ಮೈಗೂ ತಿಳಿಯದು. ಪಡುವಣ ಗಾಳಿ ತಣ್ಣಗೆ ಬೀಸುತ್ತಿರುವಾಗ ಮೈ ಹಾಯಾಗಿಯೇ ಇರುತ್ತದೆ, ಸುಟ್ಟದ್ದು ಗೊತ್ತಾಗುವುದು ರಾತ್ರಿ ಸ್ನಾನದ ನೀರು ತಾಗಿದಾಗ. ತೆಳು ಮೋಡವೂ ನಂಬಿಕೆಗೆ ಅರ್ಹವಲ್ಲ. ಅದರ ಮೂಲಕ ಶೇ. 80ರವರೆಗೂ ನೇರಳಾತೀತ ಕಿರಣ ದಾಟಿಬರಬಹುದು.

ಸಾಧ್ಯವಿದ್ದವರು ಬೆಳಗಿನ ಆರೂವರೆಯಿಂದ ಹತ್ತರವರೆಗೆ, ಇಲ್ಲವೇ ಸಂಜೆ ನಾಲ್ಕರ ನಂತರ ನೀರಿಗಿಳಿಯಿರಿ. ಆದರೆ ಹಾಯಿ ನಡೆಸುವವರ ಕಷ್ಟ ನನಗೆ ಗೊತ್ತು: ಒಳ್ಳೆಯ ಕಡಲಗಾಳಿ ಏಳುವುದೇ ಮಧ್ಯಾಹ್ನ, ಭರತ-ಇಳಿತಗಳು ನಮ್ಮ ಅನುಕೂಲ ಕೇಳಿ ಬರುವುದಿಲ್ಲ. ಹೊತ್ತು ನಮ್ಮ ಕೈಯಲ್ಲಿಲ್ಲದ ದಿನ ಮುಂದಿನ ಹಂತಗಳೇ ಆಧಾರ.

ಹಂತ 2: ಬಟ್ಟೆಗೆ ಮೊದಲ ಹಣ ಹಾಕಿರಿ

ಸನ್‌ಸ್ಕ್ರೀನ್ ಎರಡು ಗಂಟೆಗೆ ಸವೆಯುತ್ತದೆ, ಅಂಗಿ ಸವೆಯುವುದಿಲ್ಲ. ನನ್ನ ಅನುಭವದಲ್ಲಿ ದೋಣಿಯವರಿಗೆ ಅತ್ಯಂತ ದೊಡ್ಡ ರಕ್ಷಣೆ ಇದೇ, ಅತ್ಯಂತ ನಿರ್ಲಕ್ಷ್ಯಕ್ಕೆ ಒಳಗಾದದ್ದೂ ಇದೇ.

ತೆಳುವಾದ ಬಿಳಿ ಹತ್ತಿಯ ಟೀ ಶರ್ಟ್ ಬಿಸಿಲಿಗೆ ಒಳ್ಳೆಯದೆಂದು ನಾವೆಲ್ಲ ನಂಬಿದ್ದೇವೆ. ಸೆಖೆಯ ಮಟ್ಟಿಗೆ ಅದು ನಿಜ, ನೇರಳಾತೀತ ಕಿರಣದ ಮಟ್ಟಿಗೆ ಅಲ್ಲ. ಬಟ್ಟೆಯ ರಕ್ಷಣೆಯನ್ನು ಯುಪಿಎಫ್ ಎಂಬ ಅಂಕಿಯಿಂದ ಅಳೆಯುತ್ತಾರೆ. ಯುಪಿಎಫ್ 50 ಎಂದರೆ ಬಿದ್ದ ಕಿರಣದ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಸಾಮಾನ್ಯ ಬಿಳಿ ಹತ್ತಿ ಟೀ ಶರ್ಟಿನ ಅಂಕಿ ಹತ್ತನ್ನೂ ಮುಟ್ಟದಿರುವುದೇ ಹೆಚ್ಚು, ಒದ್ದೆಯಾದರೆ ಅದು ಇನ್ನೂ ಕುಸಿಯುತ್ತದೆ, ಏಕೆಂದರೆ ನೀರು ಎಳೆಗಳ ನಡುವೆ ತುಂಬಿ ಬೆಳಕು ಚದುರುವುದನ್ನು ಕಡಿಮೆ ಮಾಡುತ್ತದೆ. ಒದ್ದೆ ಬಿಳಿ ಅಂಗಿಯೊಳಗಿಂದ ಮೈಬಣ್ಣ ಕಾಣುತ್ತದೆಯಲ್ಲ, ಅದೇ ಸಾಕ್ಷಿ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ. ಬಟ್ಟೆಯನ್ನು ಒಂದೇ ಪದರವಾಗಿ ಚಾಚಿ ಟ್ಯೂಬ್‌ಲೈಟಿನ ಎದುರು ಹಿಡಿಯಿರಿ. ಬೆಳಕಿನ ಚುಕ್ಕೆಗಳು ಸ್ಪಷ್ಟವಾಗಿ ಕಂಡರೆ ಅದು ದೋಣಿಗೆ ಬೇಡ. ಒತ್ತಾದ ನೇಯ್ಗೆ, ಗಾಢ ಬಣ್ಣ, ಪಾಲಿಯೆಸ್ಟರ್ ಅಥವಾ ನೈಲಾನ್ ಎಳೆ ಇದ್ದರೆ ಒಳ್ಳೆಯದು. ಈಜುವವರು ಹಾಕುವ ರ‍್ಯಾಶ್ ಗಾರ್ಡ್ ಎಂಬ ತುಂಬುತೋಳಿನ ಅಂಗಿ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಒದ್ದೆಯಾದರೂ ಬೇಗ ಒಣಗುತ್ತದೆ, ಲೈಫ್ ಜಾಕೆಟ್ಟಿನ ಅಂಚು ಕುತ್ತಿಗೆಗೆ ಉಜ್ಜುವುದಿಲ್ಲ. ಕತ್ತಿನವರೆಗೆ ಏರುವ ಕಾಲರ್ ಇರುವುದನ್ನೇ ಆರಿಸಿ. ಯುಪಿಎಫ್ 50 ಪ್ಲಸ್ ಎಂದು ಮುದ್ರಿಸಿದ್ದರೆ ಸಂಶಯ ಬೇಡ. ಅದಿಲ್ಲದವರು ಹಳೆಯ ದಪ್ಪ, ಗಾಢ ಬಣ್ಣದ ತುಂಬುತೋಳಿನ ಅಂಗಿಯನ್ನೇ ಹಾಕಿಕೊಳ್ಳಲಿ. ನೆನೆದರೆ ಬದಲಿಸಲು ಇನ್ನೊಂದು ಚೀಲದಲ್ಲಿರಲಿ. ಜಗ್ಗಿ ಬಿಗಿಯಾದ ಬಟ್ಟೆಯಲ್ಲಿ ರಂಧ್ರಗಳು ಹಿಗ್ಗುವುದರಿಂದ ಒಂದು ಅಳತೆ ಸಡಿಲವಾದದ್ದೇ ಮೇಲು.

ಟೋಪಿಯ ವಿಷಯದಲ್ಲಿ ಕ್ರಿಕೆಟ್ ಕ್ಯಾಪನ್ನು ಮರೆತುಬಿಡಿ. ಅದು ಹಣೆಯನ್ನು ಕಾಯುತ್ತದೆ, ಕಿವಿಯನ್ನೂ ಹಿಂಗತ್ತನ್ನೂ ಬಿಟ್ಟುಕೊಡುತ್ತದೆ. ಸುತ್ತಲೂ ಕನಿಷ್ಠ 7.5 ಸೆಂಟಿಮೀಟರ್ ಅಂಚಿರುವ ಟೋಪಿ ಬೇಕು, ಅಂದರೆ ನಾಲ್ಕು ಬೆರಳು ಅಡ್ಡ ಇಟ್ಟಷ್ಟು. ಗದ್ದಕ್ಕೆ ಕಟ್ಟುವ ದಾರ ಇಲ್ಲದ ಟೋಪಿ ಮೊದಲ ಜೋರು ಗಾಳಿಗೇ ಮಾಂಡವಿಯ ಪಾಲಾಗುತ್ತದೆ. ಹಾಯಿಯ ಅಡ್ಡಮರದಡಿ ತಲೆ ಬಗ್ಗಿಸುತ್ತಿರಬೇಕಾದ ಸಣ್ಣ ದೋಣಿಗಳಲ್ಲಿ ಅಗಲ ಅಂಚು ನೋಟಕ್ಕೆ ಅಡ್ಡಿಯಾಗುವುದೂ ಉಂಟು. ಅಂಥವರು ಹಿಂಗತ್ತಿಗೆ ಪರದೆಯಿರುವ ಟೋಪಿ ಹಾಕಿಕೊಳ್ಳಬಹುದು. ಅದೂ ಸಿಗದಿದ್ದರೆ ನಮ್ಮ ಊರಿನ ಕಡೆಯ ರುಮಾಲನ್ನು ತಲೆಗೆ ಸುತ್ತಿ, ಒಂದು ತುದಿಯನ್ನು ಹಿಂಗತ್ತಿನ ಮೇಲೆ ಇಳಿಬಿಟ್ಟು, ಕಿವಿ ಮುಚ್ಚುವಂತೆ ಕಟ್ಟಿಕೊಂಡರೆ ಅರ್ಧ ಕ್ಯಾಪಿಗಿಂತ ಎಷ್ಟೋ ವಾಸಿ.

ಹಗ್ಗ ಎಳೆಯುವವರ ಕೈಬೆರಳಿನ ಹಿಂಭಾಗ, ಬರಿಗಾಲಿನವರ ಪಾದದ ಮೇಲ್ಭಾಗ, ಕಯಾಕಿನಲ್ಲಿ ಕಾಲು ಚಾಚಿ ಕುಳಿತವರ ತೊಡೆ ಮತ್ತು ಮೊಣಕಾಲು, ಈ ಮೂರೂ ಹೆಚ್ಚು ಸುಡುವ ಜಾಗಗಳು. ಬೆರಳತುದಿ ತೆರೆದ ಕೈಗವಸು, ಪಾದ ಮುಚ್ಚುವ ರಬ್ಬರ್ ಬೂಟು, ಕಣಕಾಲಿನವರೆಗಿನ ಹಗುರ ಪ್ಯಾಂಟು ಇದ್ದರೆ ಸನ್‌ಸ್ಕ್ರೀನಿನ ಖರ್ಚೂ ಅರ್ಧಕ್ಕಿಳಿಯುತ್ತದೆ.

ಹಂತ 3: ದೋಣಿಯಲ್ಲಿ ನೆರಳನ್ನು ಕಟ್ಟಿರಿ, ಆದರೆ ಪೂರ್ತಿ ನಂಬಬೇಡಿ

ನೀರು ಕನ್ನಡಿಯಂತೆ ಕಿರಣವನ್ನೆಲ್ಲ ಮುಖಕ್ಕೆ ಎಸೆಯುತ್ತದೆ ಎಂಬ ಮಾತು ಸ್ವಲ್ಪ ಉತ್ಪ್ರೇಕ್ಷೆ. ಸಾಮಾನ್ಯವಾಗಿ ನೀರಿನಿಂದ ಹಿಂತಿರುಗುವ ನೇರಳಾತೀತ ಕಿರಣ ಶೇ. 10ಕ್ಕಿಂತ ಕಡಿಮೆ. ಒಣ ಮರಳು ಸುಮಾರು ಶೇ. 15ನ್ನೂ ತೆರೆಯ ನೊರೆ ಸುಮಾರು ಶೇ. 25ನ್ನೂ ಹಿಂತಿರುಗಿಸುತ್ತವೆ. ದೋಣಿಯ ಮೇಲೆ ನಿಜವಾದ ತೊಂದರೆ ಬೇರೆ: ಅಲ್ಲಿ ಮರವಿಲ್ಲ, ಗೋಡೆಯಿಲ್ಲ, ಇಡೀ ಆಕಾಶ ತೆರೆದಿರುತ್ತದೆ. ವಾತಾವರಣದಲ್ಲಿ ಚದುರಿದ ಕಿರಣ ಸೂರ್ಯನ ದಿಕ್ಕಿನಿಂದಷ್ಟೇ ಅಲ್ಲದೆ ನೀಲಿ ಆಕಾಶದ ಎಲ್ಲ ಮೂಲೆಗಳಿಂದಲೂ ಬೀಳುತ್ತದೆ. ಅದರ ಜೊತೆಗೆ ಒಮ್ಮೆ ದಂಡೆ ಬಿಟ್ಟರೆ ನಾಲ್ಕೈದು ಗಂಟೆ ಇಳಿಯಲು ಜಾಗವಿಲ್ಲ.

ಮೋಟಾರ್ ದೋಣಿಗಳಿಗೆ ಹಾಕಿಸುವ ಮಡಚುವ ಮೇಲ್ಛಾವಣಿ ನೇರ ಬಿಸಿಲನ್ನು ತಡೆಯುತ್ತದೆ, ಬದಿಯ ಆಕಾಶವನ್ನಲ್ಲ. ಛಾವಣಿಯಡಿ ಅಂಚಿನಲ್ಲಿ ಕುಳಿತವರಿಗಿಂತ ನಡುವೆ ಕುಳಿತವರಿಗೆ ಆಕಾಶ ಕಡಿಮೆ ಕಾಣುತ್ತದೆ. ಎಷ್ಟು ಆಕಾಶ ಕಾಣುತ್ತದೋ ಅಷ್ಟು ಕಿರಣ ತಾಗುತ್ತದೆ ಎಂದು ಲೆಕ್ಕವಿಟ್ಟುಕೊಂಡರೆ ಮಕ್ಕಳನ್ನು ಎಲ್ಲಿ ಕೂರಿಸಬೇಕೆಂಬುದು ತಾನೇ ತಿಳಿಯುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವಂತಿಲ್ಲ, ಬಟ್ಟೆ ಮತ್ತು ನೆರಳೇ ಗತಿ. ಆದ್ದರಿಂದ ಅಂಥ ಕೂಸನ್ನು ನಡುಹಗಲಿನ ದೋಣಿಗೆ ಕರೆತರದಿರುವುದೇ ಒಳ್ಳೆಯದು.

ಹಂತ 4: ಸನ್‌ಸ್ಕ್ರೀನನ್ನು ಆರಿಸುವುದು, ಅಳೆಯುವುದು, ಮತ್ತೆ ಹಚ್ಚುವುದು

ಟ್ಯೂಬಿನ ಮೇಲೆ ಮೂರು ವಿಷಯ ನೋಡಿ. ಮೊದಲನೆಯದು ಎಸ್‌ಪಿಎಫ್. ಚರ್ಮವನ್ನು ಸುಡುವ ಯುವಿಬಿ ಕಿರಣದಲ್ಲಿ ಎಸ್‌ಪಿಎಫ್ 15 ಸುಮಾರು ಶೇ. 93ನ್ನು, 30 ಸುಮಾರು ಶೇ. 97ನ್ನು, 50 ಸುಮಾರು ಶೇ. 98ನ್ನು ತಡೆಯುತ್ತದೆ. 30ಕ್ಕೂ 50ಕ್ಕೂ ಕಾಗದದ ಮೇಲೆ ವ್ಯತ್ಯಾಸ ಅಲ್ಪ. ಆದರೂ ನಾನು 50ನ್ನೇ ಹೇಳುತ್ತೇನೆ, ಏಕೆಂದರೆ ನಾವ್ಯಾರೂ ಬೇಕಾದಷ್ಟು ಹಚ್ಚುವುದಿಲ್ಲ. ಎರಡನೆಯದು ಪಿಎ ಗುರುತು. ಆಳಕ್ಕಿಳಿಯುವ ಯುವಿಎ ಕಿರಣದಿಂದ ಎಷ್ಟು ರಕ್ಷಣೆ ಎಂಬುದನ್ನು ಅದರ ಮುಂದಿನ ಪ್ಲಸ್ ಚಿಹ್ನೆಗಳು ಹೇಳುತ್ತವೆ. ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಮೂರನೆಯದು ನೀರು ತಡೆಯುವ ಗುಣ, ಹೆಚ್ಚಾಗಿ 40 ಅಥವಾ 80 ನಿಮಿಷ ಎಂದು ಬರೆದಿರುತ್ತದೆ. ದೋಣಿಗೆ 80 ನಿಮಿಷದ್ದೇ ಸರಿ.

ಸತುವಿನ ಆಕ್ಸೈಡ್ ಇರುವ ಲೇಪಗಳು ಒಳ್ಳೆಯವೇ, ಆದರೆ ನಮ್ಮ ಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತವೆಂದು ಹಲವರು ಕೈಬಿಡುತ್ತಾರೆ. ಅಂಥವರು ಚರ್ಮದ ಬಣ್ಣ ಬೆರೆಸಿದ ಲೇಪ ಆರಿಸಬಹುದು. ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆದು, ಕೆನ್ನೆಯ ಮೇಲೆ ಬಂಗು ಕಪ್ಪಾಗುವುದನ್ನು ತಗ್ಗಿಸುತ್ತದೆ. ಹವಳಕ್ಕೆ ಹಾನಿಯಾಗಬಹುದೆಂಬ ಕಾರಣಕ್ಕೆ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ ರಾಜ್ಯ 2021ರಿಂದ ನಿಷೇಧಿಸಿದೆ. ಗ್ರಾಂದೆ ದ್ವೀಪದ ಸುತ್ತಲೂ ಹವಳವಿದೆ. ಅಲ್ಲಿ ನೀರಿಗೆ ಧುಮುಕುವವರು ಸತುವಿನ ಲೇಪವನ್ನೇ ಆರಿಸಿ, ಮೈಯನ್ನು ಆದಷ್ಟು ಬಟ್ಟೆಯಿಂದಲೇ ಮುಚ್ಚಿಕೊಂಡರೆ ಎರಡೂ ಉಳಿಯುತ್ತವೆ.

ಈಗ ಅಳತೆ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪಿಸುತ್ತಾರೆ. ಮನೆಯಲ್ಲಿ ಜನ ಹಚ್ಚುವುದು ಅದರ ಕಾಲು ಭಾಗದಿಂದ ಅರ್ಧ. ಹಾಗಾಗಿ ಟ್ಯೂಬಿನ ಮೇಲಿನ ಅಂಕಿ ಮುಖದ ಮೇಲೆ ಇರುವುದೇ ಇಲ್ಲ. ಬರಿಮೈಗೆ ಪೂರ್ತಿ ಹಚ್ಚಲು ಸುಮಾರು 30 ಮಿಲಿಲೀಟರ್ ಬೇಕು. ಹಂತ 2ರಂತೆ ಬಟ್ಟೆ ಹಾಕಿಕೊಂಡವರಿಗೆ ಮುಖ ಮತ್ತು ಕತ್ತಿಗೆ ಒಂದು ಚಹಾ ಚಮಚ, ಕೈ ಮತ್ತು ಪಾದಗಳಿಗೆ ಇನ್ನೊಂದು ಚಮಚ, ಒಟ್ಟು ಸುಮಾರು 10 ಮಿಲಿಲೀಟರ್ ಸಾಕು. ಐದಾರು ಗಂಟೆಯ ವಿಹಾರದಲ್ಲಿ ಮೂರು ಸಲ ಹಚ್ಚಿದರೆ 30 ಮಿಲಿಲೀಟರ್. ಅಂದರೆ 50 ಗ್ರಾಮಿನ ಒಂದು ಟ್ಯೂಬು ಒಬ್ಬರಿಗೆ ಎರಡು ಭಾನುವಾರವೂ ಬರುವುದಿಲ್ಲ. ನಿಮ್ಮ ಟ್ಯೂಬು ಇಡೀ ಹಂಗಾಮು ಬಂದಿದ್ದರೆ ನೀವು ಅದನ್ನು ಹಚ್ಚಿಲ್ಲ, ಸವರಿದ್ದೀರಿ.

ಮೊದಲ ಸಲ ಮನೆಯಲ್ಲೇ, ಹೊರಡುವ 20 ನಿಮಿಷ ಮೊದಲು ಹಚ್ಚಿ. ಮುಖದ ಮೇಲೆ ಚುಕ್ಕೆಗಳಾಗಿ ಇಟ್ಟು ಹರಡಿ, ಆಮೇಲೆ ಸಾಮಾನ್ಯವಾಗಿ ಮರೆಯುವ ಜಾಗಗಳಿಗೆ ಬನ್ನಿ: ಕಿವಿಯ ಮೇಲಂಚು, ಕಿವಿಯ ಹಿಂಭಾಗ, ಮೂಗಿನ ಅಡಿ, ಗದ್ದದ ಅಡಿ, ಬೈತಲೆ, ಕೂದಲು ಉದುರಿದ ನೆತ್ತಿ, ಪಾದದ ಮೇಲೆ ಚಪ್ಪಲಿ ಬಾರುಗಳ ನಡುವಿನ ಜಾಗ. ನೀರಿನಿಂದ ಮೇಲಕ್ಕೆ ಚಿಮ್ಮುವ ಬೆಳಕಿಗೆ ಮೂಗು ಮತ್ತು ಗದ್ದದ ಅಡಿಯೇ ಮೊದಲ ಗುರಿ. ಅಂಗೈಗೆ ಉಳಿದ ಜಿಡ್ಡನ್ನು ಒರೆಸಿಕೊಂಡೇ ಹಗ್ಗ ಹಿಡಿಯಿರಿ. ಜಾರಿದ ಹಗ್ಗ ಬಿಸಿಲಿಗಿಂತ ಬೇಗ ಅಪಾಯ ತರುತ್ತದೆ. ಸ್ಪ್ರೇ ಬಗೆಯದನ್ನು ಗಾಳಿಯಲ್ಲಿ ಬಳಸಬೇಡಿ, ಅರ್ಧಕ್ಕಿಂತ ಹೆಚ್ಚು ಕಡಲಿಗೆ ಹೋಗಿ ಉಳಿದದ್ದು ದೋಣಿಯ ನೆಲವನ್ನು ಜಾರುಬಂಡೆ ಮಾಡುತ್ತದೆ.

ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಈಜಿದರೆ, ಟವೆಲಿನಿಂದ ಒರೆಸಿಕೊಂಡರೆ, ಕೂಡಲೇ ಹಚ್ಚಬೇಕು. ನಾವು ದೋಣಿಯಲ್ಲಿ ಮೊಬೈಲಿನ ಗಂಟೆ ಇಟ್ಟಿರುತ್ತೇವೆ. ಗಂಟೆ ಹೊಡೆದಾಗ ಚುಕ್ಕಾಣಿ ಹಿಡಿದವರನ್ನು ಬಿಟ್ಟು ಎಲ್ಲರೂ ಹಚ್ಚಿಕೊಳ್ಳುವುದು, ಆಮೇಲೆ ಒಬ್ಬರು ಚುಕ್ಕಾಣಿ ಬಿಡಿಸುವುದು ನಮ್ಮ ರೂಢಿ. ಟ್ಯೂಬನ್ನು ಬಿಸಿಲಲ್ಲಿ ಕಾದ ದೋಣಿಯ ಪೆಟ್ಟಿಗೆಯಲ್ಲಿ ಬಿಟ್ಟರೆ ಎಣ್ಣೆ-ನೀರು ಬೇರೆಯಾಗಿ ಲೇಪ ಕೆಡುತ್ತದೆ. ನೀರಿನ ಬಾಟಲಿಯ ಜೊತೆ ಐಸ್ ಪೆಟ್ಟಿಗೆಯಲ್ಲಿಡಿ.

ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಒಂದು ಮಾತು. ಆಸ್ಟ್ರೇಲಿಯಾದ ನಂಬೋರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 1,621 ಜನರ ಮೇಲೆ ನಡೆದ ಪ್ರಯೋಗದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್‌ಗಳು ಸುಮಾರು ಶೇ. 40ರಷ್ಟು ಕಡಿಮೆಯಾದವು. ಅಲ್ಲಿದ್ದವರು ಬಹುತೇಕ ಬಿಳಿ ಚರ್ಮದವರು; ನಮಗೆ ಅಷ್ಟೇ ಲಾಭವಿದೆ ಎಂದು ಅದರಿಂದ ಹೇಳಲಾಗದು. ಆದರೆ ಸುಡುವಿಕೆ, ಕಪ್ಪುಕಲೆ, ಬೇಗ ಬರುವ ಸುಕ್ಕು ಇವುಗಳಿಂದ ನಮ್ಮ ಚರ್ಮವೂ ಹೊರತಲ್ಲ.

ಹಂತ 5: ತುಟಿ ಮತ್ತು ಕಣ್ಣು

ತುಟಿಯ ಕೆಂಪು ಭಾಗದಲ್ಲಿ ಮೆಲನಿನ್ ಕಡಿಮೆ, ಪದರ ತೆಳು. ಕೆಳದುಟಿ ಆಕಾಶಕ್ಕೆ ಮುಖ ಮಾಡಿರುತ್ತದೆ. ಎಸ್‌ಪಿಎಫ್ 30 ಅಥವಾ ಮೇಲಿನ ತುಟಿಯ ಕಡ್ಡಿಯನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ತಿಂದಾಗ, ಕುಡಿದಾಗಲೆಲ್ಲ ಅಳಿಸಿಹೋಗುವುದರಿಂದ ಗಂಟೆಗೊಮ್ಮೆ ಹಚ್ಚಿದರೂ ತಪ್ಪಿಲ್ಲ. ಬಣ್ಣವಿಲ್ಲದ ಹೊಳಪಿನ ಜಿಡ್ಡು ಬಿಸಿಲನ್ನು ತಡೆಯುವುದಿಲ್ಲ.

ಕಪ್ಪು ಕನ್ನಡಕದ ಮೇಲೆ ಯುವಿ 400 ಎಂದಿರಬೇಕು. ಪೋಲರಾಯ್ಡ್ ಗಾಜು ನೀರಿನ ಪ್ರಖರತೆಯನ್ನು ತಗ್ಗಿಸುತ್ತದೆ, ಆದರೆ ಅದೊಂದರಿಂದಲೇ ಯುವಿ ರಕ್ಷಣೆ ಖಾತ್ರಿಯಲ್ಲ. ರಸ್ತೆಬದಿಯ ಅಗ್ಗದ ಕಪ್ಪು ಗಾಜು ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಕಿರಣಕ್ಕೆ ಇನ್ನೂ ದಾರಿ ಮಾಡಿಕೊಡಬಹುದು. ಬದಿಯನ್ನೂ ಸುತ್ತುವ ಚೌಕಟ್ಟು ಆರಿಸಿ. ವರ್ಷಾನುಗಟ್ಟಲೆ ಬಿಸಿಲು ಕಂಡ ಮೀನುಗಾರರ ಕಣ್ಣಿನಲ್ಲಿ ಮೂಗಿನ ಕಡೆಯಿಂದ ಕರಿಗುಡ್ಡೆಯತ್ತ ಬೆಳೆಯುವ ಮಾಂಸದ ಪದರವನ್ನು ನೀವೂ ನೋಡಿರಬಹುದು. ಕಣ್ಣಿನ ಪೊರೆಗೂ ಈ ಕಿರಣಗಳ ಪಾಲಿದೆ.

ದೋಣಿಯಲ್ಲಿ ಊಟ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಹುರಿದ ಮೀನಿಗೆ ನಿಂಬೆ ಹಿಂಡಿದ ಕೈಯನ್ನು ತೊಳೆಯದೆ ಬಿಸಿಲಿಗೆ ಒಡ್ಡಿದರೆ, ನಿಂಬೆಯ ಸಿಪ್ಪೆ-ರಸದಲ್ಲಿರುವ ಅಂಶಗಳು ಯುವಿಎ ಕಿರಣದೊಂದಿಗೆ ಸೇರಿ ಚರ್ಮವನ್ನು ಸುಡುತ್ತವೆ. ಒಂದೆರಡು ದಿನದ ನಂತರ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಂದು ಕಲೆ. ನನ್ನ ಬಲಗೈಯ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ರಸ ಹರಿದ ಗೆರೆಯೇ ಹಾಗೆ ಮೂಡಿ, ಗಣೇಶ ಚೌತಿಯವರೆಗೂ ಉಳಿದಿತ್ತು. ನಿಂಬೆಯನ್ನು ಮನೆಯಲ್ಲೇ ಹಿಂಡಿ ಬಾಟಲಿಗೆ ಹಾಕಿ ತನ್ನಿ.

ಹಂತ 6: ದಂಡೆಗೆ ಮರಳಿದ ಮೇಲೆ

ನಮ್ಮ ಚರ್ಮ ಸುಟ್ಟರೆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಮುಟ್ಟಿದರೆ ಬಿಸಿ, ಬಿಗಿತ, ಉರಿ, ಎರಡು ಮೂರು ದಿನಕ್ಕೆ ಸಿಪ್ಪೆ ಏಳುವುದು, ಇವೇ ಗುರುತು. ಸಿಹಿನೀರಿನಲ್ಲಿ ಉಪ್ಪು ತೊಳೆದು, ತಣ್ಣೀರು ಬಟ್ಟೆ ಹಾಕಿ, ವಾಸನೆ ಬೆರೆಸದ ಸಾದಾ ಮಾಯಿಶ್ಚರೈಸರ್ ಹಚ್ಚಿ, ನೀರು-ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಬರಿ ಐಸ್ ಒತ್ತಬೇಡಿ, ಟೂತ್‌ಪೇಸ್ಟ್ ಬಳಿಯಬೇಡಿ, ಬೊಬ್ಬೆ ಒಡೆಯಬೇಡಿ. ಜ್ವರ, ವಾಂತಿ, ಗೊಂದಲ ಇದ್ದರೆ ಅದು ಚರ್ಮದ ವಿಷಯವಷ್ಟೇ ಅಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಂತ 7: ತಿಂಗಳಿಗೊಮ್ಮೆ ಹತ್ತು ನಿಮಿಷ

ಸ್ನಾನವಾದ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಒಂದು ದೊಡ್ಡ ಕನ್ನಡಿ ಮತ್ತು ಒಂದು ಕೈಗನ್ನಡಿ ಇಟ್ಟುಕೊಂಡು ನೆತ್ತಿಯಿಂದ ಆರಂಭಿಸಿ. ಬೆನ್ನು, ಕಿವಿಯ ಹಿಂಭಾಗವನ್ನು ಮನೆಯವರಿಂದ ನೋಡಿಸಿ. ಕೊನೆಯಲ್ಲಿ ಕುಳಿತು ಅಂಗಾಲು, ಬೆರಳ ಸಂದು, ಪ್ರತಿ ಉಗುರನ್ನೂ ನೋಡಿ. ಉಗುರುಬಣ್ಣ ಹಚ್ಚಿದವರು ಅಂದು ಅದನ್ನು ತೆಗೆದಿರಬೇಕು. ಸಂಶಯದ ಮಚ್ಚೆಯ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದಿಡಿ. ಮುಂದಿನ ತಿಂಗಳು ಅದೇ ನಾಣ್ಯ ಇಟ್ಟು ತೆಗೆದರೆ ಬೆಳೆದಿದೆಯೋ ಇಲ್ಲವೋ ಎಂಬುದರಲ್ಲಿ ವಾದವಿರುವುದಿಲ್ಲ.

ಹುಡುಕಬೇಕಾದದ್ದು ಇಷ್ಟು. ನಾಲ್ಕು ವಾರವಾದರೂ ಮಾಯದ, ಅಥವಾ ಮಾಯ್ದು ಮತ್ತೆ ಬರುವ ಹುಣ್ಣು. ಹಕ್ಕಳೆ ಉದುರಿ ರಕ್ತ ಜಿನುಗುವ ಗಂಟು. ಮೂಗು ಅಥವಾ ಕಣ್ಣಿನ ಬಳಿ ಮಣಿಯಂತೆ ಹೊಳೆಯುವ ಗುಳ್ಳೆ. ಚರ್ಮದ ಕ್ಯಾನ್ಸರಿನ ಇನ್ನೊಂದು ಬಗೆಯಾದ ಬೇಸಲ್ ಸೆಲ್ ಕ್ಯಾನ್ಸರ್ ನಮ್ಮವರಲ್ಲಿ ಕಪ್ಪು ಬಣ್ಣದಲ್ಲೇ ಬಂದು ಹುಟ್ಟುಮಚ್ಚೆಯಂತೆ ಮೋಸ ಮಾಡುವುದು ಹೆಚ್ಚು. ಮಚ್ಚೆಯ ಎರಡು ಅರ್ಧಗಳು ಹೊಂದದಿರುವುದು, ಅಂಚು ಹರಿದಂತಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣ, 6 ಮಿಲಿಮೀಟರಿಗಿಂತ ಹೆಚ್ಚಿನ ಅಗಲ, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಿರುವುದು, ಇವು ಮೆಲನೋಮಾದ ಸೂಚನೆಗಳು. ಉಗುರಿನ ಉದ್ದಕ್ಕೂ ಕಪ್ಪುಗೆರೆ ಹಲವು ಉಗುರುಗಳಲ್ಲಿ ಇರುವುದು ನಮ್ಮ ಬಣ್ಣದವರಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ ತಡಮಾಡಬಾರದು. ದೋಣಿ ಎಳೆಯುವಾಗ ಬೆರಳು ಜಜ್ಜಿ ಕಪ್ಪಾದ ಉಗುರು ನಮ್ಮಲ್ಲಿ ಎಲ್ಲರಿಗೂ ಇರುತ್ತದೆ. ಅಂಥ ರಕ್ತದ ಕಲೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ, ಸರಿಯದಿದ್ದರೆ ತೋರಿಸಿ. ಹಳೆಯ ಸುಟ್ಟ ಕಲೆಯ ಮೇಲೆ ಹೊಸ ಹುಣ್ಣು ಬಂದರೂ ಹಾಗೆಯೇ.

ಹಂತ 8: ವೈದ್ಯರ ಬಳಿ

ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಚರ್ಮರೋಗ ವಿಭಾಗವಿದೆ. ಊರಿಗೆ ಹೋದಾಗ ತೋರಿಸುತ್ತೇನೆ ಎನ್ನುವವರಿಗೆ ಹುಬ್ಬಳ್ಳಿ, ಬೆಳಗಾವಿ, ಮಣಿಪಾಲದ ವೈದ್ಯಕೀಯ ಕಾಲೇಜುಗಳಲ್ಲಿಯೂ ಇದೆ. ಆದರೆ ಊರಿನ ಜಾತ್ರೆಯವರೆಗೆ ಕಾಯಬೇಡಿ. ಹೋಗುವಾಗ ನಾಣ್ಯದ ಫೋಟೊಗಳು, ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಹುಣ್ಣು ಮೊದಲು ಕಂಡ ತಿಂಗಳು, ಇಷ್ಟು ಒಯ್ಯಿರಿ. ವಾರಕ್ಕೆ ಎಷ್ಟು ಗಂಟೆ ನೀರಿನ ಮೇಲೆ ಇರುತ್ತೀರಿ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಕೇವಲ ಮುಲಾಮು ಕೊಟ್ಟು ಕಳುಹಿಸಿದರೆ, ನಾಲ್ಕು ವಾರದಲ್ಲಿ ಮಾಯದಿದ್ದರೆ ಮರಳಿ ಹೋಗಿ ಬಯಾಪ್ಸಿ ಬೇಕೇ ಎಂದು ಕೇಳಿ. ಬಯಾಪ್ಸಿ ಎಂದರೆ ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಸಣ್ಣ ತುಣುಕು ತೆಗೆಯುವುದು. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಹಿಂಜರಿಯಬೇಡಿ, ಅದು ನಿಜವಲ್ಲ. ಬೇಸಲ್ ಮತ್ತು ಸ್ಕ್ವಾಮಸ್ ಸೆಲ್ ಕ್ಯಾನ್ಸರ್‌ಗಳನ್ನು ಚಿಕ್ಕದಿರುವಾಗಲೇ ಕತ್ತರಿಸಿ ತೆಗೆದರೆ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ.

ಕಾಕಾ ಅವರ ತುಟಿಯಿಂದ ಚಿಕ್ಕ ತ್ರಿಕೋನದಂತೆ ಒಂದು ಭಾಗವನ್ನು ತೆಗೆದು ಹೊಲಿದರು. ಎಲೆ-ಅಡಿಕೆ, ತಂಬಾಕು ಎರಡೂ ಅಂದೇ ನಿಂತವು. ಒಮ್ಮೆ ಇಂಥ ಕ್ಯಾನ್ಸರ್ ಆದವರಿಗೆ ಇನ್ನೊಂದು ಬರುವ ಸಾಧ್ಯತೆ ಇರುವುದರಿಂದ ಅವರು ಕ್ರಮ ತಪ್ಪದೆ ಕುತ್ತಿಗೆಯ ಗಂಟುಗಳನ್ನೂ ತುಟಿಯನ್ನೂ ತೋರಿಸಿಕೊಂಡು ಬರಬೇಕು. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ನಾವು ದೋಣಿ ಇಳಿಸುವಾಗ ಅವರು ಅಗಲ ಟೋಪಿ ಹಾಕಿಕೊಂಡು, ಕೊರಳಿನಲ್ಲಿ ತುಟಿಯ ಕಡ್ಡಿ ಕಟ್ಟಿಕೊಂಡು ಬಂದಿದ್ದರು. ಮುಂದಿನ ತಪಾಸಣೆಯ ದಿನಾಂಕವನ್ನು ದೋಣಿಮನೆಯ ಗೋಡೆಗೆ ಅಂಟಿಸಿರುವ ಭರತ-ಇಳಿತದ ಪಟ್ಟಿಯಲ್ಲಿಯೇ ಕೆಂಪು ಶಾಯಿಯಿಂದ ಬರೆದಿದ್ದೇವೆ. ಆ ದಿನ ಎಷ್ಟೇ ಒಳ್ಳೆಯ ಗಾಳಿಯಿದ್ದರೂ ಯಾರೂ ನೀರಿಗಿಳಿಯುವುದಿಲ್ಲ, ಒಬ್ಬರು ಅವರ ಜೊತೆ ಬಾಂಬೋಳಿಗೆ ಹೋಗುತ್ತೇವೆ, ಉಳಿದವರು ಹಾಯಿ ತೊಳೆಯುತ್ತೇವೆ.